ಕೋಳಿ ಕುಂಟಿದರೆ ಮೊದಲು ಅಂಗಾಲು ನೋಡಿ

ಕೋಳಿ ಮಂಕಾಗಿ ಮೂಲೆ ಹಿಡಿದರೆ ‘ರೋಗ ಬಂತು’ ಅನ್ನುವ ಮಾತೇ ಮೊದಲು ಬರುತ್ತದೆ. ಕಾಲೆತ್ತಿ ನೋಡುವವರು ಕಮ್ಮಿ. ಹಿತ್ತಲಲ್ಲಿ ಒಂದಷ್ಟು ಕೋಳಿ ಸಾಕಿಕೊಂಡಿರುವ ನಾನು ಮೊದಲು ಅಂಗಾಲು ನೋಡುತ್ತೇನೆ, ಆಮೇಲೆ ಉಳಿದದ್ದು. ಕಾಲು ನೋಯುವ ಕೋಳಿ ಕಾಳಿನ ಹತ್ತಿರ ಬರುವಷ್ಟರಲ್ಲಿ ಬೇರೆಯವು ತಿಂದು ಮುಗಿಸಿರುತ್ತವೆ. ಅದು ಸೊರಗುತ್ತದೆ, ಮೊಟ್ಟೆ ನಿಲ್ಲಿಸುತ್ತದೆ. ನೋಡುವವರಿಗೆ ಯಾವುದೋ ದೊಡ್ಡ ಕಾಯಿಲೆಯೇ ಅನ್ನಿಸುತ್ತದೆ.

ನಮ್ಮ ಕೆಂಪಿಗೆ ಆಗಿದ್ದು ಇದೇ. ಗಿರಿರಾಜ ಮಿಶ್ರತಳಿಯ ಹೇಂಟೆ, ಮೈ ಭಾರ. ಬಲಗಾಲು ಎತ್ತಿಕೊಂಡು ನಿಲ್ಲುತ್ತಿತ್ತು, ರಾತ್ರಿ ಕೂರುವ ಅಟ್ಟಣೆ ಹತ್ತದೆ ನೆಲದಲ್ಲೇ ಮಲಗುತ್ತಿತ್ತು. ‘ಸುಮ್ನೆ ಸಾರಿಗೆ ಹಾಕಮ್ಮ, ಯಾಕೆ ಒದ್ದಾಡಿಸ್ತೀಯ’ ಅಂದರು ನಮ್ಮತ್ತೆ.

ಕಾಲು ನೋಡಲು ರಾತ್ರಿಯೇ ಒಳ್ಳೆಯದು. ಕತ್ತಲಲ್ಲಿ ಕೋಳಿ ಗಲಾಟೆ ಮಾಡುವುದಿಲ್ಲ. ಹಳೆ ಟವೆಲ್ಲಿನಲ್ಲಿ ಸುತ್ತಿ, ತಲೆಗೆ ಮುಸುಕು ಹಾಕಿ, ತೊಡೆ ಮೇಲೆ ಕೂರಿಸಿಕೊಂಡು ಒಬ್ಬರು ಟಾರ್ಚ್ ಹಿಡಿಯಬೇಕು. ಎದೆಯನ್ನು ಒತ್ತಿ ಹಿಡಿಯಬೇಡಿ. ಎದೆ ಅಲ್ಲಾಡದಿದ್ದರೆ ಕೋಳಿಗೆ ಉಸಿರಾಡಲು ಆಗುವುದಿಲ್ಲ.

ಕೆಂಪಿಯ ಅಂಗಾಲಿನ ನಡುವೆ ನಮ್ಮ ಕಾಲಿನ ಆಣಿಯ ಹಾಗೆ ಕಪ್ಪು ಹಕ್ಕಳೆ ಕೂತಿತ್ತು. ಸುತ್ತ ಊದಿತ್ತು, ಮುಟ್ಟಿದರೆ ಬಿಸಿ. ಇದಕ್ಕೆ ಬಂಬಲ್‌ಫುಟ್ ಅನ್ನುತ್ತಾರೆ. ಅಂಗಾಲಿನ ಸಣ್ಣ ಗಾಯದೊಳಗೆ ಬ್ಯಾಕ್ಟೀರಿಯಾ, ಹೆಚ್ಚಾಗಿ ಸ್ಟೆಫೈಲೊಕಾಕಸ್, ಸೇರಿಕೊಂಡು ಬಾವು ಬರುತ್ತದೆ. ಇದು ಮನುಷ್ಯರ ಗಾಯಕ್ಕೂ ತಗಲಬಹುದು. ಅದಕ್ಕೇ ಗ್ಲೌಸ್ ಹಾಕಿಕೊಂಡೇ ಕೈ ಹಾಕಿ.

ಕುಂಟುವುದೆಲ್ಲ ಬಂಬಲ್‌ಫುಟ್ ಅಲ್ಲ. ಕಾಲಿನ ಹುರುಪೆಗಳು ಎದ್ದು ಬೂದಿ ಮೆತ್ತಿದಂತಿದ್ದರೆ ಅದು ಕಣ್ಣಿಗೆ ಕಾಣದ ಒಂದು ನುಸಿಯ ಕೆಲಸ. ಕಾಲು ತೊಳೆದು ಒರೆಸಿ, ವ್ಯಾಸಲೀನನ್ನು ಹುರುಪೆಯ ಸಂದಿಗೆ ಇಳಿಯುವಂತೆ ದಪ್ಪಗೆ ಹಚ್ಚಬೇಕು. ಕೆಲವು ವಾರ ಬಿಡದೆ ಹಚ್ಚಿದರೆ ಹಿಡಿತಕ್ಕೆ ಬರುತ್ತದೆ. ಕೆಲವರು ಸೀಮೆಎಣ್ಣೆ ಹಚ್ಚುತ್ತಾರೆ, ಚರ್ಮ ಸುಡುತ್ತದೆ, ಬೇಡ. ಬೆರಳಿಗೆ ದಾರವೋ ಕೂದಲೋ ಸುತ್ತಿಕೊಂಡಿದೆಯಾ ಅಂತಲೂ ನೋಡಿ. ಗಾಯವೇ ಇಲ್ಲದೆ ಎಳೆ ಕೋಳಿಯ ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿದರೆ ಮಾರೆಕ್ಸ್ ಅನ್ನುವ ವೈರಸ್ ರೋಗ ಇರಬಹುದು. ಕತ್ತು ತಿರುಚಿದರೆ ರಾಣಿಖೇತ್ ಇರಬಹುದು, ಅದೂ ವೈರಸ್ ರೋಗವೇ. ಇವೆರಡಕ್ಕೂ ಬಿಸಿನೀರು, ಪಟ್ಟಿ ಏನೂ ಮಾಡುವುದಿಲ್ಲ. ಆ ಕೋಳಿಯನ್ನು ಬೇರೆ ಇಟ್ಟು ಡಾಕ್ಟರನ್ನು ಕೇಳಬೇಕು.

ಕೆಂಪಿಯನ್ನು ಒಣ ಭತ್ತದ ಹೊಟ್ಟು ಹಾಸಿದ ಮಂಕರಿಯಲ್ಲಿ ಬೇರೆ ಇಟ್ಟೆ. ಉಗುರುಬೆಚ್ಚಗಿನ ನೀರಿಗೆ ಎಪ್ಸಂ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್, ಅಡುಗೆ ಉಪ್ಪಲ್ಲ) ಹಾಕಿ ಕಾಲು ಗಂಟೆ ಕಾಲು ನೆನೆಸುವುದು, ಚೆನ್ನಾಗಿ ಒರೆಸುವುದು, ಗಾಯದ ಔಷಧಿ ಪೊವಿಡೋನ್ ಅಯೋಡಿನ್ ಹಚ್ಚುವುದು, ಇಷ್ಟೇ ಕೆಲಸ. ಕೋಳಿ ಆ ನೀರು ಕುಡಿಯದಂತೆ ನೋಡಿಕೊಳ್ಳಿ, ಕುಡಿದರೆ ಭೇದಿಯಾಗುತ್ತದೆ. ಆಮೇಲೆ ಗಾಜ್ ಬಟ್ಟೆಯ ಮಡಿಕೆ ಇಟ್ಟು, ಪಟ್ಟಿಯನ್ನು ಬೆರಳುಗಳ ನಡುವೆ ತೂರಿಸಿ ಮೇಲೆ ಕಾಲಿಗೆ ಸುತ್ತಬೇಕು. ಬಿಗಿ ಜಾಸ್ತಿಯಾದರೆ ಬೆರಳು ತಣ್ಣಗಾಗಿ ಊದುತ್ತದೆ. ಪಟ್ಟಿ ಒದ್ದೆಯಾದರೆ ಆಗಲೇ ಬದಲಿಸಿ. ಅರಿಶಿನ ಯಾಕೆ ಬೇಡ ಅಂತ ಅತ್ತೆ ಕೇಳಿದರು. ಪುಡಿ ಮೆತ್ತಿಬಿಟ್ಟರೆ ಗಾಯ ಕೆಂಪಾಗಿದೆಯಾ, ಒಣಗುತ್ತಿದೆಯಾ ಒಂದೂ ಕಾಣುವುದಿಲ್ಲ, ಅದಕ್ಕೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೋಳಿಯ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಒಳಗೇ ಗಟ್ಟಿ ಉಂಡೆಯಾಗುತ್ತದೆ. ಹಾಗಾಗಿ ಎಷ್ಟು ಹಿಂಡಿದರೂ ಬರುವುದಿಲ್ಲ. ಹಿಂಡಿದರೆ ಸೋಂಕು ಇನ್ನೂ ಒಳಕ್ಕೆ ಹೋಗುತ್ತದೆ, ಅಷ್ಟೇ. ನೆನೆದು ತಾನಾಗಿ ಸಡಿಲವಾದ ಹಕ್ಕಳೆಯನ್ನು ಮಾತ್ರ ನಾನು ತೆಗೆದೆ. ಬ್ಲೇಡು ಹಿಡಿದು ಮನೆಯಲ್ಲೇ ಕೊಯ್ಯುವ ವಿಡಿಯೋಗಳು ಬೇಕಾದಷ್ಟಿವೆ. ಮರಗಟ್ಟಿಸದೆ ಅಂಗಾಲು ಕೊಯ್ದರೆ ಆ ಜೀವಕ್ಕೆ ಎಷ್ಟು ನೋವು, ಅಲ್ವಾ?

ಊತ ಮೇಲಕ್ಕೆ ಹತ್ತಿದರೆ, ಬೆರಳು ದಪ್ಪವಾದರೆ, ಕೋಳಿ ಕಾಲೂರದಿದ್ದರೆ ಪಶು ಆಸ್ಪತ್ರೆಗೇ ಹೋಗಿ. ಒಂದು ಕೋಳಿಗೆ ಡಾಕ್ಟರಾ ಅಂತ ನಗುವವರು ನಗಲಿ. ಸೋಂಕು ಮೂಳೆಗೆ ಇಳಿದರೆ ವಾಸಿಯಾಗುವುದು ಕಷ್ಟ. ಆ್ಯಂಟಿಬಯೋಟಿಕ್ ಅನ್ನು ಅಂಗಡಿಯವರ ಮಾತು ಕೇಳಿ ಕೊಡಬೇಡಿ. ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಡಾಕ್ಟರನ್ನೇ ಕೇಳಿಕೊಳ್ಳಿ.

ಕೆಂಪಿ ನಿಧಾನಕ್ಕೆ ಕಾಲೂರತೊಡಗಿತು. ಅಷ್ಟರಲ್ಲಿ ಗೂಡಿನ ಕಡೆ ಗಮನ ಕೊಟ್ಟೆ, ಯಾಕೆಂದರೆ ಬೇನೆ ಹುಟ್ಟಿದ್ದೇ ಅಲ್ಲಿ. ಅಟ್ಟಣೆ ಎದೆಮಟ್ಟ ಎತ್ತರ, ಕೆಳಗೆ ಗಟ್ಟಿ ನೆಲ, ಹತ್ತಿರದಲ್ಲೇ ಜಲ್ಲಿ ರಾಶಿ. ಭಾರದ ಕೋಳಿ ದಿನಾ ಬೆಳಿಗ್ಗೆ ಅಲ್ಲಿಂದ ಧುಮುಕಿದರೆ ಅಂಗಾಲು ಉಳಿಯುತ್ತದಾ? ಸೀಳಿದ ಬಿದಿರಿನ ಬದಲು ಎರಡಿಂಚು ಅಗಲದ ಮರದ ರೀಪರ್ ಪಟ್ಟಿ ಹಾಕಿ, ಅಂಚನ್ನು ಉಜ್ಜಿ ದುಂಡಗೆ ಮಾಡಿಸಿದೆ. ಎತ್ತರ ಈಗ ಒಂದೂವರೆ ಅಡಿ. ಕೆಳಗೆ ಹೊಟ್ಟು ದಪ್ಪಗೆ ಹಾಸುತ್ತೇವೆ, ಒದ್ದೆಯಾದಷ್ಟನ್ನು ತೆಗೆದು ಹೊಸದು ಹಾಕುತ್ತೇವೆ. ವಿಟಮಿನ್ ಎ ಕೊರತೆಯಾದರೂ ಅಂಗಾಲಿನ ಚರ್ಮ ಕೆಡುತ್ತದೆ, ಹಾಗಾಗಿ ಮೇವಿನ ಜೊತೆ ನುಗ್ಗೆ ಸೊಪ್ಪು ಕಟ್ಟಿಬಿಡುತ್ತೇನೆ. ಜಲ್ಲಿಯನ್ನು ಮಾತ್ರ ಇನ್ನೂ ಪೂರ್ತಿ ಸಾಗಿಸಿಲ್ಲ. ಸದ್ಯಕ್ಕೆ ಅದರ ಸುತ್ತ ಬಲೆ ಕಟ್ಟಿದ್ದೇವೆ.