ಹಳೇ ಬಿಲ್ ಬುಕ್ ಉಳಿಸಿಕೊಟ್ಟ ನನ್ನ ಬ್ರಾಂಡಿನ ಹೆಸರು

"ಅಕ್ಕ, ಮಂಗಳೂರಲ್ಲಿ ಬ್ರಾಂಚ್ ಓಪನ್ ಮಾಡಿದ್ದು ಹೇಳಲೇ ಇಲ್ವಲ್ಲ ಮಾರಾಯ್ರೆ?"

ಉಡುಪಿಯ ನನ್ನ ಅಂಗಡಿಗೆ ವರ್ಷಗಳಿಂದ ಬರುವ ಗಿರಾಕಿಯೊಬ್ಬರು ಹೀಗೆ ಕೇಳಿದಾಗ ಕತ್ತರಿ ಕೆಳಗಿಟ್ಟೆ. ನನಗೆ ಬ್ರಾಂಚೇ ಇರಲಿಲ್ಲ. ಅವರು ಮೊಬೈಲಿನಲ್ಲಿ ತೋರಿಸಿದ ಬೋರ್ಡಿನಲ್ಲಿ ನಮ್ಮದೇ ಹೆಸರು. ಕೊನೆಯ ಅಕ್ಷರಕ್ಕೆ ದೀರ್ಘ ಎಳೆದಿದ್ದರು, ಅಷ್ಟೇ.

2018ರಲ್ಲಿ ಎರಡು ಹೊಲಿಗೆ ಮೆಷಿನ್ ಹಾಕಿಕೊಂಡು ಕೈಮಗ್ಗದ ಬಟ್ಟೆಯ ಕುರ್ತಿ ಹೊಲಿಯಲು ಶುರುಮಾಡಿದವಳು ನಾನು. ನಗರಸಭೆಯ ಲೈಸೆನ್ಸ್ ಇದೆ, ಜಿಎಸ್‌ಟಿ ನಂಬರ್ ಇದೆ, ಇನ್ನೆಂತ ಬೇಕು ಅಂದುಕೊಂಡಿದ್ದೆ. ಅವು ವ್ಯಾಪಾರಕ್ಕೆ ಅನುಮತಿ ಮಾತ್ರ, ಹೆಸರಿನ ಹಕ್ಕಲ್ಲ ಎಂದು ನಾನು ಸಲಹೆ ಕೇಳಲು ಹೋದ ವಕೀಲರು ಬಿಡಿಸಿ ಹೇಳಿದರು. ನಂತರ ಕೇಳಿದ್ದು ಒಂದೇ: "ಈ ಹೆಸರಲ್ಲಿ ಕೊಟ್ಟ ಮೊದಲ ಬಿಲ್ ಉಂಟಾ?"

ಅಟ್ಟದ ಡಬ್ಬಿಯಲ್ಲಿತ್ತು. ಮಳೆಗಾಲದ ತೇವಕ್ಕೆ ಹಾಳೆಗಳು ಅಂಟಿಕೊಂಡಿದ್ದವು, ಮೆಲ್ಲನೆ ಬಿಡಿಸಿದೆ. ಕಾರ್ಬನ್ ಪ್ರತಿಯಲ್ಲಿ ಮಾಸಿದ ನೀಲಿ ಅಕ್ಷರ, "ಕುರ್ತಿ 2, ದುಪಟ್ಟಾ 1", ಮೇಲೆ ನಮ್ಮ ಹೆಸರಿನ ಸೀಲು, ತಾರೀಖು. ಆ ಹಾಳೆ ನೋಡಿ ನನಗೆ ಅಳುವೇ ಬಂತು. ನೋಂದಣಿ ಇಲ್ಲದಿದ್ದರೂ ಮೊದಲು ಬಳಸಿದವರಿಗೆ ಕಾನೂನು ರಕ್ಷಣೆ ಕೊಡುತ್ತದೆ, ಆದರೆ ಸಾಬೀತು ಮಾಡಬೇಕು. ಬಿಲ್, ಲೇಬಲ್ ನೇಯಿಸಿದ ರಸೀದಿ, ಹಳೆಯ ಫೋಟೊಗಳ ಜತೆ ಮಂಗಳೂರಿನ ಆ ಅಂಗಡಿಗೆ ನೋಟಿಸ್ ಹೋಯಿತು. ಬೋರ್ಡ್ ಇಳಿಯಿತು.

ಅದೇ ವಾರ ಟ್ರೇಡ್‌ಮಾರ್ಕಿಗೆ, ಅಂದರೆ ಬ್ರಾಂಡಿನ ಹೆಸರಿನ ನೋಂದಣಿಗೆ, ಅರ್ಜಿ ಹಾಕಿಸಿದೆ. ಅರ್ಜಿಯನ್ನು ಮಾಲಿನ ವರ್ಗದ ಪ್ರಕಾರ ಹಾಕಬೇಕು, ಉಡುಪುಗಳದ್ದು 25ನೇ ವರ್ಗ. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಹಾಕಿದರೆ ವರ್ಗವೊಂದಕ್ಕೆ 4,500 ರೂಪಾಯಿ ಸರಕಾರಿ ಶುಲ್ಕ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಪರಿಶೀಲನಾ ವರದಿಯಲ್ಲಿ ಆಕ್ಷೇಪ ಬಂದರೆ 30 ದಿನದೊಳಗೆ ಉತ್ತರ ಕೊಡಬೇಕು. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಅರ್ಜಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. ವೃತ್ತದೊಳಗಿನ ಆರ್ ಗುರುತನ್ನು ನೋಂದಣಿಗೆ ಮುಂಚೆ ಲೇಬಲ್ಲಿಗೆ ಹಾಕುವುದು ಅಪರಾಧ. ಅಲ್ಲಿಯವರೆಗೆ ಟಿಎಂ ಎಂದಷ್ಟೇ ಹಾಕಿ.

ಹೊಸಬರಿಗೆ ಇನ್ನೊಂದು ಮಾತು. ಊರಿನ ಹೆಸರು, ಬಟ್ಟೆಯ ಹೆಸರು ಸೇರಿಸಿ 'ಉಡುಪಿ ಕಾಟನ್' ಎನ್ನುವಂಥದ್ದನ್ನು ಬ್ರಾಂಡ್ ಮಾಡಲು ಹೋಗಬೇಡಿ. ಮಾಲನ್ನು ವರ್ಣಿಸುವ ಪದಕ್ಕೆ ನೋಂದಣಿ ಸಿಗುವುದು ಕಷ್ಟ. ಉಡುಪಿ ಸೀರೆಗೆ ಜಿಐ, ಅಂದರೆ ಊರಿನ ವಿಶಿಷ್ಟ ಉತ್ಪನ್ನವೆಂಬ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ಅದು ನಮ್ಮ ನೇಕಾರರೆಲ್ಲರ ಸೊತ್ತು, ಒಬ್ಬರ ಜೇಬಿಗೆ ಹೋಗಬಾರದು.

ಹೆಸರೇನೋ ಉಳಿಯಿತು, ನನ್ನ ಕುರ್ತಿಗಳ ಪ್ರಿಂಟ್ ಉಳಿಯಲಿಲ್ಲ. ಯಕ್ಷಗಾನದ ತಲೆಯುಡುಗೆಯಾದ ಕೇದಗೆ ಮುಂದಲೆಯಿಂದ ಎರಡು ತಿಂಗಳು ಕೂತು ಬಿಡಿಸಿದ ವಿನ್ಯಾಸವದು. ಖುಷಿಯಲ್ಲಿ ಇನ್‌ಸ್ಟಾಗ್ರಾಂಗೆ ಹಾಕಿದೆ, ನೂರಾರು ಕುರ್ತಿ ಮಾರಿದೆ. ಬೇರೆಯವರು ಅದನ್ನೇ ಅಗ್ಗದ ಬಟ್ಟೆಯಲ್ಲಿ ಅಚ್ಚು ಹಾಕಿದಾಗ ಕೈಕಟ್ಟಿ ಕೂರಬೇಕಾಯಿತು. ಡಿಸೈನ್ ನೋಂದಣಿಗೆ ವಿನ್ಯಾಸ ಹೊಸದಿರಬೇಕು, ಮೊದಲೇ ಹೊರಬಿದ್ದದ್ದಕ್ಕೆ ಸಿಗದು. ಕಾಪಿರೈಟ್ ಇಲ್ಲವೇ ಎಂದು ವಕೀಲರನ್ನು ಕೇಳಿದೆ. ಡಿಸೈನ್ ಆಗಿ ನೋಂದಾಯಿಸಬಹುದಾಗಿದ್ದನ್ನು ನೋಂದಾಯಿಸದೆ 50ಕ್ಕಿಂತ ಹೆಚ್ಚು ಸಲ ಯಂತ್ರದಲ್ಲಿ ಅಚ್ಚು ಹಾಕಿದರೆ ಅದೂ ಹೋಗುತ್ತದಂತೆ. ನನ್ನ ಎರಡು ತಿಂಗಳ ಕೆಲಸ ಹಾಗೆ ಹೋಯಿತು, ಈಗಲೂ ಸಂಕಟವಾಗುತ್ತದೆ.

ಹೊಸ ಪ್ರಿಂಟಿನ ಬಟ್ಟೆ ಸದ್ಯ ಕಪಾಟಿನಲ್ಲಿದೆ. ಡಿಸೈನ್ ಅರ್ಜಿಗೆ ಫೋಟೊಗಳು ತಯಾರಾಗುತ್ತಿವೆ. ಅರ್ಜಿ ಸಂಖ್ಯೆ ಕೈಗೆ ಬರುವವರೆಗೆ ಮಗಳ ಸ್ಟೇಟಸ್‌ಗೂ ಕೊಡುವುದಿಲ್ಲ ಎಂದಿದ್ದೇನೆ.