ಬೇಸ್ ಗಿಟಾರಿನ ತೂಕ: ಮನೆಯ ರೆಕಾರ್ಡಿಂಗಿನಲ್ಲಿ ನಾನು ಮಾಡುವ ರೀತಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಗೆಳೆಯರು ಫೈಲ್ ಕಳಿಸಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇದೇ: ‘ಬೇಸ್‌ಗೆ ಮೈಯೇ ಇಲ್ಲ, ಲೋ ಎಷ್ಟು ಏರಿಸಲಿ?’ ಲೋ ಅಂದರೆ ತಳದ ಧ್ವನಿ. ಅದನ್ನು ಏರಿಸಬೇಡಿ ಅನ್ನುತ್ತೇನೆ. ಬೇಸ್ ಗಿಟಾರ್ ತುಂಬಿದಂತೆ ಕೇಳಿಸುವುದರಲ್ಲಿ ತಳದ ಪಾಲಿಗಿಂತ ನಡುವಿನ ಪಾಲು ದೊಡ್ಡದು. ನುಡಿಸುವ ಕೈಯ ಪಾಲು ಇನ್ನೂ ದೊಡ್ಡದು.

ಲೆಕ್ಕ ನೋಡಿ. ಖಾಲಿ ಇ ತಂತಿ ಸುಮಾರು 41 ಹರ್ಟ್ಜ್ (ಸೆಕೆಂಡಿಗೆ 41 ಕಂಪನ), ಎ ತಂತಿ 55. ಮೊಬೈಲಿನ ಪುಟ್ಟ ಸ್ಪೀಕರಿಗೆ 200 ಹರ್ಟ್ಜ್‌ನ ಕೆಳಗೆ ಹೆಚ್ಚೇನೂ ಶಕ್ತಿಯಿಲ್ಲ. ಹಾಗಿದ್ದೂ ಚೆನ್ನಾಗಿ ಮಾಡಿದ ರೆಕಾರ್ಡಿಂಗಿನಲ್ಲಿ ಬೇಸ್‌ನ ಒಂದೊಂದು ಸ್ವರವೂ ಮೊಬೈಲಿನಲ್ಲೇ ತಿಳಿಯುತ್ತದೆ. ಮೀಟಿದ ತಂತಿಯಿಂದ ಮೂಲಸ್ವರ ಒಂದೇ ಹೊರಡುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಹಾರ್ಮೋನಿಕ್‌ಗಳೂ ಹೊರಡುತ್ತವೆ. ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಸುವುದೂ ಇದರಿಂದಲೇ. ಮೇಲಿನ ಹಾರ್ಮೋನಿಕ್‌ಗಳು ಕಿವಿಗೆ ಬಿದ್ದರೆ ಸಾಕು, ಇಲ್ಲದ ಮೂಲಸ್ವರವನ್ನು ಮಿದುಳು ತುಂಬಿಕೊಳ್ಳುತ್ತದೆ. ಹಾಗಾಗಿ ನನ್ನ ಕೆಲಸವೆಲ್ಲ ಆ ಹಾರ್ಮೋನಿಕ್‌ಗಳನ್ನು ಕಾಪಾಡುವುದರ ಸುತ್ತಲೇ ಇರುತ್ತದೆ.

ನನ್ನದು ಬೆಂಗಳೂರಿನ ಬಾಡಿಗೆ ಮನೆಯ ಹತ್ತಕ್ಕೆ ಹನ್ನೆರಡು ಅಡಿ ರೂಮು. ಫೆಂಡರ್ ಪ್ರಿಸಿಷನ್ ಮಾದರಿಯ ನಾಲ್ಕು ತಂತಿಯ ಬೇಸ್, ಎರಡು ಇನ್‌ಪುಟ್‌ನ ಇಂಟರ್ಫೇಸ್ (ವಾದ್ಯದ ಸಿಗ್ನಲನ್ನು ಲ್ಯಾಪ್‌ಟಾಪಿಗೆ ಒಯ್ಯುವ ಪೆಟ್ಟಿಗೆ), ಲ್ಯಾಪ್‌ಟಾಪ್, ಒಂದು ಜೊತೆ ಸ್ಪೀಕರು, ಹೆಡ್‌ಫೋನ್. ಗೋಡೆಯಾಚೆ ಮಕ್ಕಳು ಓದುತ್ತಿರುತ್ತಾರೆ, ಆಂಪ್ ಜೋರು ಮಾಡುವ ಮಾತೇ ಇಲ್ಲ. ಬೇಸ್ ನೇರ ಇಂಟರ್ಫೇಸಿಗೆ. ಹೆಚ್ಚಾಗಿ ಭಾವಗೀತೆ, ವಚನ, ಜನಪದಕ್ಕೆ ನುಡಿಸುತ್ತೇನೆ, ಜೊತೆಗೆ ತಬಲಾ ಇದ್ದೇ ಇರುತ್ತದೆ.

ನಾನು ಮೊದಲು ನೋಡುವುದು ಶ್ರುತಿ. ಹಾಡುವವರದು ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ), ಅಂದರೆ ಸಿ ಶಾರ್ಪ್ ಅಂತಿಟ್ಟುಕೊಳ್ಳಿ. ಫ್ರೆಟ್ ಅಂದರೆ ಬೇಸ್‌ನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ. ಐದು ತಂತಿಯ ಬೇಸ್ ಇದ್ದವರಿಗೆ ಬಿ ತಂತಿಯ ಎರಡನೇ ಫ್ರೆಟ್‌ನಲ್ಲಿ 34.6 ಹರ್ಟ್ಜ್‌ನ ಷಡ್ಜ ಕೈಗೆ ಸಿಗುತ್ತದೆ, ಅದನ್ನೇ ಹಿಡಿಯುವ ಆಸೆಯೂ ಆಗುತ್ತದೆ. ಆದರೆ ಆ ಸ್ವರದ ಆರನೇ ಹಾರ್ಮೋನಿಕ್ ಬರುವವರೆಗೆ 200 ಹರ್ಟ್ಜ್ ದಾಟುವುದಿಲ್ಲ, ಅಷ್ಟರಲ್ಲಿ ಅದು ಸೊರಗಿರುತ್ತದೆ. ಎ ತಂತಿಯ ನಾಲ್ಕನೇ ಫ್ರೆಟ್‌ನ ಷಡ್ಜ 69.3 ಹರ್ಟ್ಜ್, ಅದರ ಮೂರನೇ ಹಾರ್ಮೋನಿಕ್ಕೇ 208ಕ್ಕೆ ಬರುತ್ತದೆ. ಸಣ್ಣ ಸ್ಪೀಕರಿನಲ್ಲಿ ಈ ಮೇಲಿನ ಷಡ್ಜವೇ ದಪ್ಪ ಕೇಳುತ್ತದೆ. ಆಳ ಬೇಕಾದ ಕಡೆ ಇ ತಂತಿಯ ನಾಲ್ಕನೇ ಫ್ರೆಟ್‌ನ ಮಂದ್ರ ಪಂಚಮಕ್ಕೆ, 52 ಹರ್ಟ್ಜ್‌ಗೆ, ಇಳಿದು ಬರುತ್ತೇನೆ. ಸದಾ ಕೆಳಗೇ ಇದ್ದರೆ ಇಳಿಯುವುದಕ್ಕೆ ಜಾಗ ಉಳಿಯುವುದಿಲ್ಲ.

ಶ್ರುತಿ ಬಿಳಿ ಐದಾದರೆ, ಅಂದರೆ ಜಿ, 98 ಹರ್ಟ್ಜ್‌ನ ಷಡ್ಜ ಮೂರು ಕಡೆ ಸುಲಭವಾಗಿ ಸಿಗುತ್ತದೆ: ಖಾಲಿ ಜಿ ತಂತಿ, ಡಿ ತಂತಿಯ ಐದನೇ ಫ್ರೆಟ್, ಎ ತಂತಿಯ ಹತ್ತನೇ ಫ್ರೆಟ್. ಸ್ವರ ಒಂದೇ, ಮೈ ಬೇರೆ. ದಪ್ಪ ತಂತಿಯ ಮೇಲುಗಡೆ ನುಡಿಸಿದಷ್ಟೂ ನಾದ ದುಂಡಗಾಗುತ್ತದೆ, ಮೊನಚು ಕಡಿಮೆಯಾಗುತ್ತದೆ. ನಿಧಾನದ ಭಾವಗೀತೆಗೆ ನಾನು ಎ ತಂತಿಯನ್ನೇ ಹಿಡಿಯುತ್ತೇನೆ. ಧ್ವನಿ ತಿದ್ದುವ ಸಾಫ್ಟ್‌ವೇರಾದ ಯಾವ ಪ್ಲಗಿನ್ನೂ ಈ ವ್ಯತ್ಯಾಸವನ್ನು ಆಮೇಲೆ ತಂದುಕೊಡುವುದಿಲ್ಲ.

ಇನ್ನು ಕೈ. ಜೋರಾಗಿ ಎಳೆದರೆ ನಾದ ಜೋರಾಗುತ್ತದೆ ಅನ್ನಿಸುವುದು ಸಹಜ. ಎಳೆದಾಗ ತಂತಿ ಫ್ರೆಟ್ಟಿಗೆ ಬಡಿಯುತ್ತದೆ, ಮೀಟರು ಒಮ್ಮೆ ಚಿಮ್ಮಿ ತಕ್ಷಣ ಕುಸಿಯುತ್ತದೆ. ಚಿಮ್ಮಿದ್ದು ಬರೀ ಸದ್ದು, ಸ್ವರ ಆಮೇಲಿನದು. ಮೆತ್ತಗೆ ಮೀಟಿ ಇಂಟರ್ಫೇಸಿನ ಗೇನ್ (ಒಳಬರುವ ಸಿಗ್ನಲಿನ ಮಟ್ಟ) ಸ್ವಲ್ಪ ಏರಿಸಿದರೆ ಸ್ವರ ತಡೆದು ನಿಲ್ಲುತ್ತದೆ, ಕೊನೆಯವರೆಗೂ ಅದರ ಮೈ ಕರಗುವುದಿಲ್ಲ. ಬೆರಳು, ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ನೇರಕ್ಕೆ ಇದ್ದರೆ ನಡುವಿನ ಧ್ವನಿ ಗಟ್ಟಿ. ಕುತ್ತಿಗೆಯ ಕಡೆ ಸರಿದರೆ ಗುಂಡಗೆ, ಮಸುಕು. ಒಂದು ಹಾಡು ಮುಗಿಯುವವರೆಗೆ ಬೆರಳಿನ ಜಾಗ ಬದಲಿಸದಿರುವುದು ನನ್ನ ಕಟ್ಟುನಿಟ್ಟು.

ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ 1960ರ ದಶಕದಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ಪ್ರಿಸಿಷನ್ ಬೇಸ್‌ಗೆ ಫ್ಲಾಟ್‌ವೂಂಡ್ (ಚಪ್ಪಟೆ ಸುತ್ತಿನ, ನಯವಾದ) ತಂತಿ ಹಾಕಿ, ಬಹುಮಟ್ಟಿಗೆ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ತಂತಿಯ ಬುಡ ಕೂರುವ ಬ್ರಿಜ್ಜಿನ ಮುಚ್ಚಳದ ಕೆಳಗೆ ಫೋಮ್ ಇರುತ್ತಿತ್ತು, ತಂತಿ ಬದಲಿಸುವುದು ಅಪರೂಪ. ನಾದವನ್ನು ನೇರ ಮಿಕ್ಸಿಂಗ್ ಕನ್ಸೋಲಿಗೇ ಕೊಡುತ್ತಿದ್ದರು. ಆಂಪ್ ಇಲ್ಲದೆ ದೊಡ್ಡ ನಾದ ಬರುವುದಿಲ್ಲ ಅನ್ನುವವರು ಅವರು ನುಡಿಸಿದ್ದನ್ನೊಮ್ಮೆ ಕೇಳಬೇಕು. ಭಾವಗೀತೆಗೆ ನಾನೂ ಫ್ಲಾಟ್‌ವೂಂಡ್ ಹಾಕಿ ಬ್ರಿಜ್ಜಿನ ಹತ್ತಿರ ಚಿಕ್ಕ ಸ್ಪಂಜಿನ ತುಂಡು ಸಿಕ್ಕಿಸುತ್ತೇನೆ. ಸ್ವರ ಬೇಗ ಮುಗಿಯುತ್ತದೆ, ಆದರೆ ಇರುವಷ್ಟು ಹೊತ್ತು ತೂಕವಾಗಿರುತ್ತದೆ. ಸ್ವರವನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ಎಲ್ಲಿ ಶುರು ಮಾಡುತ್ತೀರಿ ಅನ್ನುವಷ್ಟೇ ಮುಖ್ಯ. ಸ್ವರಗಳು ಒಂದರ ಮೇಲೊಂದು ಬಿದ್ದರೆ ಕೆಳಗೆಲ್ಲ ರಾಡಿ.

ಇಂಟರ್ಫೇಸಿನಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝೀ ಎಂಬ ಸ್ವಿಚ್ ಇರುತ್ತದೆ, ಅದನ್ನು ಹಾಕಲೇಬೇಕು. ಬ್ಯಾಟರಿ ಇಲ್ಲದ ಬೇಸ್ ಅನ್ನು ಲೈನ್ ಇನ್‌ಪುಟ್ಟಿಗೆ ಕೊಟ್ಟರೆ ಪಿಕಪ್ಪಿನ ಮೇಲೆ ಭಾರ ಬಿದ್ದು ನಾದ ಸಪ್ಪೆಯಾಗುತ್ತದೆ. 24 ಬಿಟ್‌ನಲ್ಲಿ ಗಟ್ಟಿ ಸ್ವರ ಮೈನಸ್ 10 ಡೆಸಿಬಲ್ ಹತ್ತಿರ ನಿಂತರೆ ಧಾರಾಳವಾಯಿತು.

ಹಮ್, ಅಂದರೆ ಕರೆಂಟಿನಿಂದ ನುಸುಳುವ ಗುಂಯ್ ಸದ್ದಿನ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು. ನಮ್ಮ ಮನೆಗಳ ಕರೆಂಟು 50 ಹರ್ಟ್ಜ್. ಇ ತಂತಿಯ ಮೂರನೇ ಫ್ರೆಟ್‌ನ ಜಿ 49 ಹರ್ಟ್ಜ್. ಹಮ್ ಬಂತೆಂದು 50ರ ಜಾಗವನ್ನು ಇಕ್ಯೂನಲ್ಲಿ (ಒಂದೊಂದು ಕಂಪನದ ಭಾಗವನ್ನು ಬೇರೆಯಾಗಿ ಏರಿಳಿಸುವ ಸಾಧನ) ಕತ್ತರಿಸಿದರೆ ಬಿಳಿ ಐದರ ಹಾಡಿನ ಮಂದ್ರ ಷಡ್ಜವೇ ಅದರ ಜೊತೆ ಹೋಗಿಬಿಡುತ್ತದೆ. ಹಾಗಾಗಿ ಹಮ್ ಒಳಗೇ ಬಾರದಂತೆ ತಡೆಯಬೇಕು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಟೇಕ್ ಮಾಡುತ್ತೇನೆ, ಇನ್ವರ್ಟರಿನ ಮೇಲೆ ಮನೆ ನಡೆಯುವ ಹೊತ್ತಿನಲ್ಲಿ ರೆಕಾರ್ಡ್ ಮಾಡುವುದಿಲ್ಲ. 1957ರಿಂದ ಪ್ರಿಸಿಷನ್‌ಗೆ ಬಂದ ಎರಡು ತುಂಡಿನ ಪಿಕಪ್ ಹಮ್ಮನ್ನು ತಾನೇ ರದ್ದು ಮಾಡುತ್ತದೆ. ಜಾಝ್ ಮಾದರಿಯ ಬೇಸ್ ಇದ್ದವರು ಎರಡೂ ಪಿಕಪ್ಪಿನ ವಾಲ್ಯೂಮನ್ನು ಪೂರ್ತಿ ಇಟ್ಟರೆ ಹೆಚ್ಚುಕಡಿಮೆ ಅದೇ ಫಲ. ಪ್ಲಗ್ಗಿನ ಅರ್ಥ್ ಪಿನ್ ಮುರಿದುಹಾಕಿ ಹಮ್ ನಿಲ್ಲಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ, ಅದು ಜೀವಕ್ಕೇ ಅಪಾಯ.

ಇನ್ನು ರೂಮು. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಸಾಗುತ್ತದೆ. ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವುದು 56 ಹರ್ಟ್ಜ್ ಆಸುಪಾಸಿನಲ್ಲಿ. ಅದು ಖಾಲಿ ಎ ತಂತಿಯ ಜಾಗ. ಹನ್ನೆರಡು ಅಡಿಯ ಕಡೆ 47 ಹರ್ಟ್ಜ್, ಅಂದರೆ ಇ ತಂತಿಯ ಎರಡನೇ ಫ್ರೆಟ್. ತಾರಸಿಯ ಎತ್ತರವೂ ಹತ್ತು ಅಡಿಗೆ ಹತ್ತಿರವಿದ್ದರೆ ಎ ಇಮ್ಮಡಿ ಗುಮ್ಮೆನ್ನುತ್ತದೆ. ಈ ರೂಮಿನ ಸ್ಪೀಕರು ಕೇಳಿ ಎ ಜಾಸ್ತಿಯಾಯಿತೆಂದು ಕಡಿಮೆ ಮಾಡಿದರೆ ಬೇರೆ ಮನೆಯಲ್ಲಿ ಅದೇ ಸ್ವರ ಕಾಣೆ. ನಿಮ್ಮ ರೂಮಿನ ಅಳತೆ ತೆಗೆದುಕೊಂಡು ಈ ಭಾಗಾಕಾರ ಮಾಡಿ ನೋಡಿ: 1130ನ್ನು ಅಡಿಯ ಎರಡರಷ್ಟರಿಂದ ಭಾಗಿಸಿದರೆ ಸಾಕು. ಗೋಡೆಗೆ ಮೊಟ್ಟೆ ಟ್ರೇ, ಒಂದಿಂಚು ಫೋಮ್ ಅಂಟಿಸುವುದರಿಂದ ಇಲ್ಲಿ ಪ್ರಯೋಜನವಿಲ್ಲ, 56 ಹರ್ಟ್ಜ್‌ನ ಪೂರ್ತಿ ಅಲೆ ಇಪ್ಪತ್ತು ಅಡಿ ಉದ್ದ. ತಳದ ತೀರ್ಮಾನವನ್ನೆಲ್ಲ ನಾನು ಹೆಡ್‌ಫೋನಿನಲ್ಲಿ, ಮಾತಾಡುವಷ್ಟೇ ಸದ್ದಿನಲ್ಲಿ ಮಾಡುತ್ತೇನೆ. ಸದ್ದು ಏರಿದ ಹಾಗೆ ಕಿವಿಗೆ ತಳ ಹೆಚ್ಚು ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು.

ಇಷ್ಟಾದ ಮೇಲೆ ಪ್ಲಗಿನ್‌ಗಳಿಗೆ ಉಳಿಯುವುದು ಸಣ್ಣ ಕೆಲಸ. 35 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸುವ ಹೈಪಾಸ್. 250ರ ಸುತ್ತ ಎರಡು ಮೂರು ಡೆಸಿಬಲ್ ಇಳಿಕೆ, 800ರ ಸುತ್ತ ಅಷ್ಟೇ ಏರಿಕೆ. ಜೋರು ಸ್ವರವನ್ನು ಒತ್ತಿ ಸಮ ಮಾಡುವ ಕಂಪ್ರೆಸರ್ ನಾಲ್ಕಕ್ಕೆ ಒಂದು, ಗಟ್ಟಿ ಸ್ವರಗಳಲ್ಲಿ ಐದು ಡೆಸಿಬಲ್‌ನಷ್ಟು ಒತ್ತುವಂತೆ. ಅಟ್ಯಾಕ್ (ಒತ್ತಲು ಹಿಡಿಯುವ ಹೊತ್ತು) 30 ಮಿಲಿಸೆಕೆಂಡಿನ ಹತ್ತಿರ ಇಡುತ್ತೇನೆ, ರಿಲೀಸ್ (ಬಿಡಲು ಹಿಡಿಯುವ ಹೊತ್ತು) ಅದಕ್ಕಿಂತಲೂ ನಿಧಾನ. 41 ಹರ್ಟ್ಜ್‌ನ ಒಂದೊಂದು ಅಲೆಗೆ 24 ಮಿಲಿಸೆಕೆಂಡ್ ಹಿಡಿಯುತ್ತದೆ. ಎರಡನ್ನೂ ತೀರಾ ಚುರುಕಾಗಿಟ್ಟರೆ ಕಂಪ್ರೆಸರ್ ಸ್ವರವನ್ನು ಬಿಟ್ಟು ಅಲೆಯನ್ನೇ ಹಿಡಿದು ತಿರುಚತೊಡಗುತ್ತದೆ.

ಆಮೇಲೆ ಟ್ರ್ಯಾಕಿನ ಒಂದು ನಕಲು ತೆಗೆದು ಅದರ 250 ಹರ್ಟ್ಜ್‌ನ ಕೆಳಗಿನದನ್ನೆಲ್ಲ ಕತ್ತರಿಸಿ ಡ್ರೈವ್, ಅಂದರೆ ಧ್ವನಿಯನ್ನು ಒಡೆದು ಹಾರ್ಮೋನಿಕ್ ಹೆಚ್ಚಿಸುವ ಎಫೆಕ್ಟ್, ಹಾಕುತ್ತೇನೆ. ಒಂಟಿಯಾಗಿ ಕೇಳಿದರೆ ಅದು ಕರ್ಕಶ. ಮೂಲ ಟ್ರ್ಯಾಕಿನ ಕೆಳಗೆ, ಇದೆಯೋ ಇಲ್ಲವೋ ಅನ್ನುವಷ್ಟು ಬೆರೆಸಿದಾಗ ಮೊಬೈಲಿನಲ್ಲಿ ಬೇಸ್ ಎದ್ದು ಕೂರುತ್ತದೆ. ಹಾಡಿನಲ್ಲಿ ‘ಡ್ರೈವ್ ಇದೆ’ ಎಂದು ಗೊತ್ತಾದರೆ ಬೆರಕೆ ಹೆಚ್ಚಾಯಿತು. ಎರಡೂ ಟ್ರ್ಯಾಕಿನ ಅಲೆಗಳು ಒಟ್ಟೊಟ್ಟಿಗೆ ಏರಿಳಿಯುತ್ತಿವೆಯೇ ಎಂದು ಹಿಗ್ಗಿಸಿ ನೋಡಿಕೊಳ್ಳಿ. ಎರಡನ್ನೂ ನಟ್ಟನಡುವೆಯೇ ಇಡಿ, ಎಡಬಲಕ್ಕೆ ಹರಡುವುದು ಬೇಡ.

ಇಷ್ಟೆಲ್ಲ ಮಾಡಿದರೂ ಬೇಸ್ ಮುಳುಗಿದರೆ ಕಾರಣ ಸಾಮಾನ್ಯವಾಗಿ ಡಗ್ಗಾ. ತಬಲಾ ಜೋಡಿಯ ದೊಡ್ಡ ಎಡಗೈ ವಾದ್ಯವಾದ ಡಗ್ಗಾ ಮತ್ತು ಬೇಸ್ ಎರಡೂ ಕೇಳುವುದು ಒಂದೇ ಜಾಗ. ಡಗ್ಗಾದ ತಳವನ್ನು ಕತ್ತರಿಸಿ ಬೇಸ್‌ಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಅದರ ಮೀಂಡಿನಲ್ಲೇ (ಜಾರುವ ನಾದದಲ್ಲೇ) ಹಾಡಿನ ಉಸಿರು ಇರುತ್ತದೆ. ನಾನು ತಬಲಾದ ಬೋಲ್ (ಪೆಟ್ಟಿನ ನುಡಿ) ನೋಡಿ ಬೇಸ್ ಸಾಲು ಕಟ್ಟುತ್ತೇನೆ. ಎಂಟು ಮಾತ್ರೆಯ ಕೆಹರ್ವಾ ತಾಳದ ‘ಧಾ ಗೆ ನ ತಿ, ನ ಕ ಧಿ ನ’ದಲ್ಲಿ ಧಾ, ಗೆ, ಧಿಗಳಲ್ಲಿ ಡಗ್ಗಾ ತೆರೆದು ನುಡಿಯುತ್ತದೆ, ನಡುವಿನ ‘ನ ತಿ ನ ಕ’ದಲ್ಲಿ ಅದರ ಗುಂಗಿಲ್ಲ. ಸಮ್‌ನಲ್ಲಿ (ಮೊದಲ ಮಾತ್ರೆಯಲ್ಲಿ) ಧಾ ಜೊತೆ ಒಂದು ಚಿಕ್ಕ ಷಡ್ಜ ಕೊಟ್ಟು ಕೈ ಎತ್ತುತ್ತೇನೆ, ಗೆ ತನ್ನ ಪಾಡಿಗೆ ಜಾರಲಿ ಎಂದು. ಮೂರನೇ ಮಾತ್ರೆಯಿಂದ ಆರರವರೆಗೆ ಬೇಸ್‌ನ ಉದ್ದ ಸ್ವರ, ಓಡಾಟ ಎಲ್ಲ. ಧಿ ಬರುವ ಮೊದಲು ತಂತಿಯ ಮೇಲೆ ಅಂಗೈ. ಹೀಗೆ ಕಟ್ಟಿದ ಸಾಲಿಗೆ ಫೇಡರ್ (ಟ್ರ್ಯಾಕಿನ ಸದ್ದಿನ ಮಟ್ಟ) ಏರಿಸುವ ಅಗತ್ಯ ನನಗೆ ಬಿದ್ದಿಲ್ಲ, ಎಷ್ಟೋ ಸಲ ಇಳಿಸಿದ್ದೇನೆ.

ಜನಪದಕ್ಕೆ ಡೊಳ್ಳು ಬಂದರೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ತಳ ಪೂರ್ತಿ ಡೊಳ್ಳಿನದು. ಆಗ ಬೇಸ್ ಅನ್ನು ಒಂದು ಸ್ಥಾಯಿ ಮೇಲಕ್ಕೆ, ಡಿ ಮತ್ತು ಜಿ ತಂತಿಗಳಿಗೆ ಒಯ್ದು, ಸ್ಪಂಜು ತೆಗೆದು, ರೌಂಡ್‌ವೂಂಡ್ (ದುಂಡು ಸುತ್ತಿನ, ಮೊನಚು ನಾದದ) ತಂತಿ ಹಾಕಿ ನುಡಿಸುತ್ತೇನೆ. 35ರಲ್ಲಿದ್ದ ಹೈಪಾಸ್ 70ಕ್ಕೆ ಏರುತ್ತದೆ.