ಹಿಡಿದುಕೊಂಡ ಭುಜ: ಎಷ್ಟು ಎಳೆಯಬೇಕು ಎಂದು ತೀರ್ಮಾನಿಸುವುದು ಹೇಗೆ?

ಭುಜ ಹಿಡಿದುಕೊಂಡಿದೆ (ಫ್ರೋಜನ್ ಶೋಲ್ಡರ್) ಎಂದು ಬಂದವರಿಗೆ ಹತ್ತು ದಿನ ಐಎಫ್‌ಟಿ (ನೋವಿಗೆ ಕೊಡುವ ಹಗುರ ವಿದ್ಯುತ್ ಚಿಕಿತ್ಸೆ), ಅಲ್ಟ್ರಾಸೌಂಡ್ (ಶಬ್ದತರಂಗದ ಚಿಕಿತ್ಸೆ), ಕೊನೆಗೆ ಐದು ನಿಮಿಷ ಕೈ ಎಳೆತ. ಬಹಳಷ್ಟು ಫಿಸಿಯೋಥೆರಪಿ ಕ್ಲಿನಿಕ್‌ಗಳಲ್ಲಿ ನಡೆಯುವುದು ಇಷ್ಟೇ. ನೋವಿಗೆ ರಾತ್ರಿಯಿಡೀ ಎದ್ದು ಕೂರುವವರಿಗೂ ಅದೇ ಎಳೆತ, ನೋವು ಇಳಿದು ಬರೀ ಬಿಗಿತ ಉಳಿದವರಿಗೂ ಅದೇ ಎಳೆತ. ಮೊದಲಿನವರ ಭುಜ ಇನ್ನಷ್ಟು ಕೆಡುತ್ತದೆ, ಎರಡನೆಯವರಿಗೆ ಎಳೆದದ್ದು ಸಾಲುವುದೇ ಇಲ್ಲ. ಹೊಸದಾಗಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಕೆಲಸಕ್ಕೆ ನಿಂತವರಿಗಾಗಿ ಇದನ್ನು ಬರೆಯಲಾಗಿದೆ. ಚಿಕಿತ್ಸೆಗೆ ಹೋಗುತ್ತಿರುವವರೂ ಓದಿಕೊಂಡರೆ ತಮಗೆ ಏನು ಮಾಡುತ್ತಿದ್ದಾರೆ, ಏನು ಕೇಳಬೇಕು ಎಂಬುದು ತಿಳಿದೀತು.

ಹಂತ 1: ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಮೊದಲು ಬೇರೆ ಮಾಡಿ

ಮೆಟ್ಟಿಲು ಹತ್ತಿದಾಗ ಎಡಭುಜ ನೋಯುತ್ತದೆ, ಬೆವರು ಬರುತ್ತದೆ ಎಂದರೆ ಅದು ಹೃದಯದ ವೈದ್ಯರ ಬಳಿ ಆ ದಿನವೇ ಹೋಗಬೇಕಾದ ವಿಷಯ. ಜ್ವರದ ಜೊತೆಗೆ ಬಿಸಿಯಾಗಿ ಊದಿದ ಭುಜ, ಹಿಂದೆ ಕ್ಯಾನ್ಸರ್ ಆಗಿದ್ದು ಈಗ ಕಾರಣವಿಲ್ಲದೆ ತೂಕ ಇಳಿಯುತ್ತಿರುವುದು, ಬಿದ್ದ ಮರುಕ್ಷಣದಿಂದ ಕೈ ಎತ್ತಲಾಗದಿರುವುದು ಇವಕ್ಕೂ ಮೊದಲು ವೈದ್ಯರು ನೋಡಬೇಕು. ಕುತ್ತಿಗೆ ತಿರುಗಿಸಿದರೆ ನೋವು ಕೈಗಿಳಿದು ಬೆರಳು ಜೋಮು ಹಿಡಿಯುತ್ತದೆಯೇ ಎಂದೂ ನೋಡಿಬಿಡಿ.

ಇಲ್ಲಿ ಕಣ್ತಪ್ಪುವುದು ಇನ್ನೊಂದಿದೆ. ಫಿಟ್ಸ್ ಬಂದ ಮೇಲೋ ಕರೆಂಟ್ ಶಾಕ್ ಹೊಡೆದ ಮೇಲೋ ತೋಳುಮೂಳೆಯ ಗುಂಡು ಹಿಂದಕ್ಕೆ ಜಾರಿ ಅಲ್ಲೇ ಸಿಕ್ಕಿಕೊಂಡಿರಬಹುದು. ಕೈ ಹೊರಕ್ಕೆ ತಿರುಗುವುದೇ ಇಲ್ಲ, ನೋಡುವುದಕ್ಕೆ ಥೇಟ್ ಫ್ರೋಜನ್ ಶೋಲ್ಡರ್. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಇದು ಸುಲಭವಾಗಿ ತಪ್ಪಿಹೋಗುತ್ತದೆ. ಕಂಕುಳ ಕಡೆಯಿಂದ ತೆಗೆಯುವ ಆಕ್ಸಿಲರಿ ವ್ಯೂ ಬೇಕು. ಇಂಥ ಭುಜವನ್ನು ಎಳೆದರೆ ಮೂಳೆಗೇ ಪೆಟ್ಟು. ಹಾಗಾಗಿ ಫಿಟ್ಸ್, ಶಾಕ್ ಎರಡನ್ನೂ ಹೆಸರು ಹಿಡಿದು ಕೇಳಿ. ತಾನಾಗಿ ಯಾರೂ ಹೇಳುವುದಿಲ್ಲ.

ಹಂತ 2: ನಿಜವಾಗಿಯೂ ಫ್ರೋಜನ್ ಶೋಲ್ಡರಾ?

ಕೈ ಮೇಲೆತ್ತಿಸಿ ನೋಡಿ ನಿರ್ಧರಿಸಬೇಡಿ. ಬೆನ್ನಿನ ರೆಕ್ಕೆಮೂಳೆ ಏರಿ, ಸೊಂಟ ಬಾಗಿ ಎಲ್ಲವೂ ಸೇರಿ ಕೈ ಮೇಲೆ ಹೋದಂತೆ ಕಾಣಿಸುತ್ತದೆ. ತೀರ್ಮಾನಕ್ಕೆ ಬೇಕಾದ ಮುಖ್ಯ ಅಳತೆ ಇದು: ಮೊಣಕೈಯನ್ನು ಪಕ್ಕೆಗೆ ಹತ್ತಿಸಿಟ್ಟು, ಮುಂಗೈಯನ್ನು ನೀವೇ ಹೊರಕ್ಕೆ ತಿರುಗಿಸಿದಾಗ ಎಷ್ಟು ಡಿಗ್ರಿ ಬರುತ್ತದೆ ಎಂಬುದು. ಅಂಗಾತ ಮಲಗಿಸಿ, ಮೊಣಕೈ ಹಾಸಿಗೆಗೆ ಕುಸಿಯದಂತೆ ಕೆಳಗೆ ಮಡಚಿದ ಟವೆಲ್ ಇಡಿ. ಮೊಣಕೈ 90 ಡಿಗ್ರಿ ಮಡಚಿರಲಿ. ಒಂದು ಕೈಯಲ್ಲಿ ಮೊಣಕೈ ಪಕ್ಕೆ ಬಿಡದಂತೆ ಹಿಡಿದು, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದು ನಿಧಾನಕ್ಕೆ ಹೊರಗೆ ತನ್ನಿ. ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಪಟ್ಟಿ) ಇಟ್ಟೇ ಅಳೆಯಿರಿ, ಕಣ್ಣಂದಾಜು ಬೇಡ.

ಇನ್ನೊಂದು ಕೈಯ ಅರ್ಧಕ್ಕಿಂತ ಕಡಿಮೆ ಅಥವಾ 30 ಡಿಗ್ರಿಗಿಂತ ಕಡಿಮೆ ಬಂದು, ಬೇರೆ ದಿಕ್ಕಿನ ಚಲನೆಯೂ ಕಾಲು ಭಾಗಕ್ಕಿಂತ ಹೆಚ್ಚು ಕುಗ್ಗಿದ್ದರೆ, ಎಕ್ಸ್‌ರೇ ಸರಿಯಿದ್ದರೆ, ಕೀಲಿನ ಚೀಲವೇ ಬಿಗಿದಿದೆ ಎಂದು ಹಿಡಿಯಬಹುದು. ಎಕ್ಸ್‌ರೇ ಏಕೆಂದರೆ ಕೀಲು ಸವೆದಾಗಲೂ ಚಲನೆ ಹೀಗೆಯೇ ಕುಗ್ಗುತ್ತದೆ. ರೋಗಿ ತಾನಾಗಿ ಎತ್ತಲಾರರು, ನೀವು ಎತ್ತಿದರೆ ಸಲೀಸಾಗಿ ಹೋಗುತ್ತದೆ ಎಂದಾದರೆ ಅದು ಭುಜದ ಕೀಲನ್ನು ಸುತ್ತಿ ಹಿಡಿದಿರುವ ರೊಟೇಟರ್ ಕಫ್ ಸ್ನಾಯುವಿನ ತೊಂದರೆ. ಅದರ ದಾರಿಯೇ ಬೇರೆ.

ಸಕ್ಕರೆ ಕಾಯಿಲೆಯವರಲ್ಲಿ, ಥೈರಾಯ್ಡ್ ಇರುವವರಲ್ಲಿ ಫ್ರೋಜನ್ ಶೋಲ್ಡರ್ ಹೆಚ್ಚು. 40ರಿಂದ 65ರ ನಡುವಿನವರಾಗಿದ್ದು ಇತ್ತೀಚೆಗೆ ಸಕ್ಕರೆ ನೋಡಿಸಿಕೊಂಡಿಲ್ಲ ಎಂದರೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಲು ಹೇಳಿ. ಇಂಥವರಲ್ಲಿ ಎರಡೂ ಭುಜ ಹಿಡಿದಿರುವುದುಂಟು. ಆಗ ಇನ್ನೊಂದು ಕೈಯನ್ನು ಅಳತೆಗೋಲು ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ, 30 ಡಿಗ್ರಿಯ ಗೆರೆಯನ್ನೇ ನೋಡಿ.

ಹಂತ 3: ಭುಜ ಎಷ್ಟು ಬೇಗ ಕೆರಳುತ್ತದೆ?

ಹೆಚ್ಚಿನವರು ಎಡವುವುದು ಇಲ್ಲಿ. ‘ಐದು ತಿಂಗಳಾಯಿತು, ಅಂದರೆ ಕಾಯಿಲೆಯ ಎರಡನೇ ಹಂತ (ನೋವಿಳಿದು ಬಿಗಿತ ಉಳಿಯುವ ಕಾಲ), ಎಳೆಯಬಹುದು’ ಎಂದು ಕ್ಯಾಲೆಂಡರ್ ನೋಡಿ ನಿರ್ಧರಿಸುತ್ತಾರೆ. ಐದು ತಿಂಗಳಾದರೂ ಬೆಂಕಿಯಂತೆ ಉರಿಯುವ ಭುಜಗಳಿವೆ, ಮೂರೇ ತಿಂಗಳಿಗೆ ನೋವು ತಣಿದು ಬಿಗಿತ ಮಾತ್ರ ಉಳಿದವೂ ಇವೆ. ಎಷ್ಟು ಬಲ ಹಾಕಬಹುದೆಂದು ತಿಳಿಸುವುದು ಕೆರಳುವಿಕೆಯ ಮಟ್ಟ. ಅದನ್ನು ಮಾತಿನಲ್ಲೂ ಕೈಯಲ್ಲೂ ಅಳೆಯಬೇಕು.

ಮೊದಲು ಮಾತು. ‘ನೋವು ಹೇಗಿದೆ?’ ಎಂದು ಕೇಳಿದರೆ ನಮ್ಮ ಜನ, ಅದರಲ್ಲೂ ಮನೆಯ ಹಿರಿಯ ಹೆಂಗಸರು, ‘ತಡ್ಕೋಬಹುದು ಬಿಡಿ’ ಅನ್ನುತ್ತಾರೆ. ಆ ಉತ್ತರದಿಂದ ಏನೂ ಸಿಗುವುದಿಲ್ಲ. ಬದಲಿಗೆ ಹೀಗೆ ಕೇಳಿ: ‘ಅಮ್ಮಾ, ನಿನ್ನೆ ರಾತ್ರಿ ಎಷ್ಟು ಸಲ ಎಚ್ಚರ ಆಯ್ತು? ಆ ಮಗ್ಗುಲಿಗೆ ಮಲಗೋಕಾಗುತ್ತಾ? ಸುಮ್ಮನೆ ಕೂತಾಗಲೂ ನೋಯುತ್ತಾ? ಬಸ್ಸಲ್ಲಿ ಕಂಬಿ ಹಿಡಿದಾಗ ಝಳಕ್ ಅಂದ ನೋವು ಎಷ್ಟು ಹೊತ್ತಿಗೆ ಇಳಿಯಿತು, ಐದು ನಿಮಿಷಕ್ಕೋ, ಸಂಜೆಗೋ?’ ಆಮೇಲೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೇಳಿ. ಕೊನೆಯ ನೋವಿನ ಮಾತ್ರೆ ಯಾವಾಗ ತೆಗೆದುಕೊಂಡದ್ದು ಎಂಬುದನ್ನು ಬಿಡಲೇಬಾರದು. ಬೆಳಿಗ್ಗೆ ಮಾತ್ರೆ ನುಂಗಿ ಹತ್ತು ಗಂಟೆಗೆ ಬಂದವರ ಭುಜ ಶಾಂತವಾಗಿಯೇ ಇರುತ್ತದೆ. ನೀವು ಎಳೆಯುತ್ತೀರಿ, ಅವರು ಮಧ್ಯಾಹ್ನ ಅಳುತ್ತಾರೆ.

ಆಮೇಲೆ ಕೈ. ಹಂತ 2ರ ಭಂಗಿಯಲ್ಲೇ ಮುಂಗೈಯನ್ನು ಬಹಳ ನಿಧಾನಕ್ಕೆ ಹೊರಗೆ ತನ್ನಿ. ‘ನೋವು ಶುರುವಾದ ಕೂಡಲೇ ಹೇಳಿ, ತಡೆದುಕೊಳ್ಳಬೇಡಿ’ ಎಂದು ಮೊದಲೇ ಹೇಳಿರಬೇಕು. ಎರಡು ಕೋನಗಳನ್ನು ಮನಸ್ಸಿನಲ್ಲಿ ಗುರುತಿಸಿಕೊಳ್ಳಿ: ಅವರು ‘ಶುರುವಾಯ್ತು’ ಅಂದದ್ದು ಎಲ್ಲಿ, ನಿಮ್ಮ ಅಂಗೈಗೆ ಕೀಲು ತಡೆದದ್ದು ಎಲ್ಲಿ. 10 ಡಿಗ್ರಿಗೇ ನೋವು ಬಂತು, ನಿಮ್ಮ ಕೈಗೆ ಇನ್ನೂ ತಡೆ ಸಿಕ್ಕಿಲ್ಲ ಎಂದರೆ ಭುಜ ತೀರಾ ಕೆರಳಿದೆ. ನೋವು, ತಡೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದರೆ ಮಧ್ಯಮ. ಗಟ್ಟಿ ತೊಗಲಿನಂತೆ ಕೀಲು ನಿಂತ ಮೇಲೆ, ಇನ್ನಷ್ಟು ಒತ್ತಿದಾಗ ಮಾತ್ರ ಎಳೆದಂತಾಗುತ್ತದೆ ಎಂದರೆ ಕೆರಳುವಿಕೆ ಕಡಿಮೆ.

ಸಿಕ್ಕ ತಡೆ ಚೀಲದ್ದೋ, ನೋವಿಗೆ ಹೆದರಿ ಬಿಗಿಹಿಡಿದ ಸ್ನಾಯುವಿನದೋ ಎಂಬ ಅನುಮಾನ ಬಂದರೆ, ಆ ಕೋನದಲ್ಲೇ ನಿಲ್ಲಿಸಿ ‘ನನ್ನ ಕೈಯನ್ನು ಒಳಕ್ಕೆ ಮೆಲ್ಲಗೆ ಒತ್ತಿ’ ಎಂದು ಐದು ಸೆಕೆಂಡ್ ಒತ್ತಿಸಿ, ಬಿಡಿಸಿ, ಉಸಿರು ಬಿಡುವಾಗ ಮತ್ತೆ ತಿರುಗಿಸಿ. ತಟ್ಟನೆ 10–15 ಡಿಗ್ರಿ ಹೆಚ್ಚು ಬಂದರೆ ತಡೆದದ್ದು ಸ್ನಾಯು. ಅಂಥವರಿಗೆ ಬಲ ಹಾಕುವ ಮಾತೇ ಇಲ್ಲ, ನೋವು ಮತ್ತು ಭಯ ಇಳಿಸುವುದೇ ಚಿಕಿತ್ಸೆ.

ಅಂಕ 7 ಅಥವಾ ಹೆಚ್ಚು, ರಾತ್ರಿಯ ನೋವು ಬಿಡದೆ ಇದೆ, ತಡೆಗಿಂತ ಮೊದಲೇ ನೋವು: ಹೆಚ್ಚು. ಅಂಕ 4ರಿಂದ 6, ರಾತ್ರಿ ಆಗಾಗ: ಮಧ್ಯಮ. 3 ಅಥವಾ ಕಡಿಮೆ, ನಿದ್ದೆ ಸರಿಯಿದೆ, ಕೊನೆಯಲ್ಲಿ ಒತ್ತಿದಾಗ ಮಾತ್ರ ನೋವು: ಕಡಿಮೆ. ಮಾತು ಒಂದು ಹೇಳಿ ಕೈ ಇನ್ನೊಂದು ಹೇಳಿದರೆ ಎರಡರಲ್ಲಿ ಹೆಚ್ಚು ಕೆರಳಿದ್ದನ್ನೇ ನಂಬಿ. ಒಂದು ವಾರ ಕಡಿಮೆ ಎಳೆದರೆ ನಷ್ಟವಿಲ್ಲ, ಒಂದು ದಿನ ಜಾಸ್ತಿ ಎಳೆದರೆ ಆ ರೋಗಿ ಮತ್ತೆ ಬರುವುದಿಲ್ಲ.

ಹಂತ 4: ಮಟ್ಟಕ್ಕೆ ತಕ್ಕ ಪ್ರಮಾಣ

ಹೆಚ್ಚು ಕೆರಳಿದ ಭುಜಕ್ಕೆ 1ರಿಂದ 5 ಸೆಕೆಂಡಿನ ನೋವಿಲ್ಲದ ಚಲನೆ ಮಾತ್ರ, ದಿನಕ್ಕೆ ಎರಡು ಮೂರು ಸಲ. ಮುಂದೆ ಬಾಗಿ ಕೈ ಜೋತುಬಿಟ್ಟು ತೂಗುವುದು ಸಾಕು, ಕೈಯಲ್ಲಿ ತೂಕ ಬೇಡ. ಮಲಗುವಾಗ ಮೊಣಕೈ ಹಿಂದಕ್ಕೆ ಬೀಳದಂತೆ ಅದರ ಕೆಳಗೆ ಮಡಚಿದ ಹೊದಿಕೆ ಇಡಬೇಕು. ಇದನ್ನು ಬಾಯಲ್ಲಿ ಹೇಳಿ ಕಳಿಸಬೇಡಿ, ಕ್ಲಿನಿಕ್‌ನ ಮಂಚದ ಮೇಲೆ ಮಲಗಿಸಿ ತೋರಿಸಿ. ಎಷ್ಟೋ ಜನಕ್ಕೆ ಮೊದಲ ವಾರದ ಸಮಾಧಾನ ಸಿಗುವುದು ಇದರಿಂದಲೇ. ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಬೇಕೇ ಎಂದು ಮೂಳೆ ವೈದ್ಯರನ್ನು ಕೇಳಲು ಸರಿಯಾದ ಸಮಯವೂ ಇದೇ. ಇಂಜೆಕ್ಷನ್ ಜೊತೆ ಹಗುರ ವ್ಯಾಯಾಮ ಸೇರಿದರೆ ಮೊದಲ ಕೆಲವು ವಾರ ನೋವು ಚೆನ್ನಾಗಿ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇಂಜೆಕ್ಷನ್ ನಂತರ ಕೆಲವು ದಿನ ಸಕ್ಕರೆ ಏರುತ್ತದೆ ಎಂದು ಮೊದಲೇ ಎಚ್ಚರಿಸಿ, ಮನೆಯಲ್ಲಿ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಲಿ.

2004ರಲ್ಲಿ ನೆದರ್‌ಲೆಂಡ್ಸ್‌ನಿಂದ ಬಂದ ಅಧ್ಯಯನವೊಂದನ್ನು ಪ್ರತಿ ಫಿಸಿಯೋ ಓದಬೇಕು. 77 ರೋಗಿಗಳಲ್ಲಿ ಕೆಲವರಿಗೆ ನೋವು ದಾಟಿ ಎಳೆಯುವ ಚಿಕಿತ್ಸೆ, ಉಳಿದವರಿಗೆ ನೋವಿನೊಳಗಿನ ವ್ಯಾಯಾಮ ಮತ್ತು ಧೈರ್ಯದ ಮಾತು. 24 ತಿಂಗಳ ಕೊನೆಗೆ ಹಗುರ ಚಿಕಿತ್ಸೆಯವರಲ್ಲಿ 89 ಶೇಕಡ ಜನರ ಭುಜ ಬಹುತೇಕ ಸರಿಹೋಗಿತ್ತು, ಎಳೆಸಿಕೊಂಡವರಲ್ಲಿ 63 ಶೇಕಡ. ‘ಎಳೀರಿ, ಜೋರಾಗಿ ಎಳೀರಿ’ ಎಂದು ಒತ್ತಾಯಿಸುವ ಮನೆಯವರಿಗೆ ಹೇಳಬೇಕಾದ ಲೆಕ್ಕ ಇದು.

ಮಧ್ಯಮದವರಿಗೆ 5ರಿಂದ 15 ಸೆಕೆಂಡ್ ಹಿಡಿತ, ಸಣ್ಣ ಎಳೆತ ತಿಳಿಯುವಷ್ಟು. ಮಲಗಿ ಕೊಡೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿರುವ ಕೈಯಿಂದ ಹೊರಕ್ಕೆ ತಳ್ಳುವ ವ್ಯಾಯಾಮ ಮನೆಗೆ ಒಳ್ಳೆಯದು.

ಕೆರಳುವಿಕೆ ಕಡಿಮೆಯಾದವರಿಗೆ ಮಾತ್ರ ಕೊನೆಯ ತುದಿಯಲ್ಲಿ ದೀರ್ಘ ಹಿಡಿತ. ಇಲ್ಲಿ ಒಂದು ದಿಕ್ಕಿನ ತಪ್ಪು ಸಾಮಾನ್ಯ. ಕೈ ಹೊರಕ್ಕೆ ತಿರುಗಲಿ ಎಂದು ತೋಳುಮೂಳೆಯ ಗುಂಡನ್ನು ಮುಂದಕ್ಕೆ ಜಾರಿಸುತ್ತಾರೆ, ಪಠ್ಯದಲ್ಲಿ ಹಾಗೆ ಓದಿರುತ್ತಾರೆ. 2007ರಲ್ಲಿ ಮುಂದಕ್ಕೆ ಜಾರಿಸುವುದು, ಹಿಂದಕ್ಕೆ ಜಾರಿಸುವುದು ಎರಡನ್ನೂ ಹೋಲಿಸಿ ನೋಡಿದಾಗ ಆರು ಭೇಟಿಗಳ ನಂತರ ಕೈ ಹೊರತಿರುಗುವ ಕೋನ ಹಿಂದಕ್ಕೆ ಜಾರಿಸಿದವರಲ್ಲಿ ಸರಾಸರಿ 31 ಡಿಗ್ರಿ, ಮುಂದಕ್ಕೆ ಜಾರಿಸಿದವರಲ್ಲಿ 3 ಡಿಗ್ರಿ ಹೆಚ್ಚಿತು. ಅಧ್ಯಯನ ಚಿಕ್ಕದು, ಆದರೂ ವ್ಯತ್ಯಾಸ ಇಷ್ಟಿರುವಾಗ ಹಿಂದಕ್ಕೇ ಜಾರಿಸಿ. ಅಂಗಾತ ಮಲಗಿಸಿ, ರೆಕ್ಕೆಮೂಳೆಯ ಕೆಳಗೆ ಗಟ್ಟಿಯಾಗಿ ಮಡಚಿದ ಟವೆಲ್ ಇಟ್ಟು, ಕೈಯನ್ನು ಹೊರತಿರುಗುವ ತುದಿಯಲ್ಲಿ ನಿಲ್ಲಿಸಿ, ಅಂಗೈ ಬುಡದಿಂದ ಗುಂಡಿನ ಮುಂಭಾಗವನ್ನು ಹಾಸಿಗೆಯತ್ತ ಒತ್ತಿ ಒಂದು ನಿಮಿಷ ಹಿಡಿಯಿರಿ. ಟವೆಲ್ ಇಲ್ಲದಿದ್ದರೆ ರೆಕ್ಕೆಮೂಳೆಯೂ ಜೊತೆಗೆ ಜಾರಿ ಒತ್ತಿದ್ದೆಲ್ಲ ವ್ಯರ್ಥ.

ಯಂತ್ರಗಳ ಬಗ್ಗೆ: ಎಳೆತಕ್ಕೆ ಮೊದಲು 10–15 ನಿಮಿಷ ಬಿಸಿ ಶಾಖ ಕೊಡಿ, ಅದು ಸಾಕು. ಅಲ್ಟ್ರಾಸೌಂಡ್‌ನಲ್ಲಿ ಕಳೆಯುವ ಸಮಯವನ್ನು ಕೈಗೆ ಕೊಡಿ. ಬಾಗಿಲಿಗೆ ಕಟ್ಟುವ ಹಗ್ಗದ ರಾಟೆಯನ್ನು ಕೆರಳಿದ ಭುಜದವರು ಕೊಳ್ಳಲೇಬಾರದು. ಹೆಗಲೆತ್ತಿ ಜಗ್ಗುವ ಕೆಟ್ಟ ಅಭ್ಯಾಸ ಅದರಿಂದಲೇ ಬರುತ್ತದೆ. ಸದಾ ಕಟ್ಟಿಕೊಳ್ಳುವ ಭುಜದ ಬೆಲ್ಟ್ ಅದಕ್ಕಿಂತ ಹಾನಿ, ಬಿಗಿದ ಕೀಲನ್ನು ಇನ್ನಷ್ಟು ಬಿಗಿಸುತ್ತದೆ. ಮಸಾಜ್ ಗನ್ ಕೀಲಿನ ಚೀಲವನ್ನು ತಲುಪುವುದೇ ಇಲ್ಲ.

ವೈದ್ಯರ ಚೀಟಿಯಲ್ಲಿ ‘ಐಎಫ್‌ಟಿ, ಯುಎಸ್ (ಅಲ್ಟ್ರಾಸೌಂಡ್), 10 ದಿನ’ ಎಂದಿದ್ದರೂ ಪರೀಕ್ಷೆ ಬಿಡಬೇಡಿ. ನಿಮಗೆ ಸಿಕ್ಕ ಡಿಗ್ರಿ, ಕೆರಳುವಿಕೆಯ ಮಟ್ಟ, ನೀವು ಮಾಡಬೇಕೆಂದಿರುವುದು ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿ. ಅಂಕಿ ಇರುವ ಪತ್ರಕ್ಕೆ ಹೆಚ್ಚಿನ ವೈದ್ಯರು ಒಪ್ಪುತ್ತಾರೆ.

ಹಂತ 5: ಮತ್ತೆ ಅಳೆದು ಬದಲಿಸಿ

ಪ್ರತಿ ಭೇಟಿಯ ಮೊದಲು ಮತ್ತು ಕೊನೆಗೆ ಹೊರತಿರುಗುವ ಡಿಗ್ರಿ ಬರೆದಿಡಿ. ಜೊತೆಗೆ ಅವರದೇ ಒಂದು ಕೆಲಸ: ರವಿಕೆಯ ಹುಕ್ಕು, ಹಿಂದಿನ ಜೇಬಿನ ಪರ್ಸು, ಅಟ್ಟದ ಡಬ್ಬ, ಯಾವುದಾದರೂ ಸರಿ. ಮಾರನೆಯ ದಿನ ಕೇಳಬೇಕಾದ ಪ್ರಶ್ನೆ: ವ್ಯಾಯಾಮದ ನೋವು ಎರಡು ಗಂಟೆಯೊಳಗೆ ಇಳಿಯಿತೇ, ರಾತ್ರಿ ಹೆಚ್ಚಾಯಿತೇ? ಇಳಿಯದಿದ್ದರೆ ಹಿಡಿತದ ಸಮಯ ಅರ್ಧಕ್ಕಿಳಿಸಿ. ಇಳಿದು, ಡಿಗ್ರಿಯೂ ಏರಿದ್ದರೆ ಹಾಗೇ ಮುಂದುವರಿಸಿ. ನೋವೂ ಇಲ್ಲ, ಡಿಗ್ರಿಯೂ ಏರಿಲ್ಲ ಎಂದರೆ ಪ್ರಮಾಣ ಸಾಲದು, ಹೆಚ್ಚಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಲ, ಸಮಯ, ಭಂಗಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದೇ ಇಲ್ಲ. ಕೆರಳುವಿಕೆಯನ್ನು ವಾರಕ್ಕೊಮ್ಮೆ ಹೊಸದಾಗಿ ಅಳೆಯಿರಿ. ಇಳಿದದ್ದು ಮತ್ತೆ ಏರಬಹುದು.

ನಾಲ್ಕು ವಾರ ಸರಿಯಾಗಿ ಮಾಡಿಯೂ ಡಿಗ್ರಿಯಾಗಲಿ ನಿದ್ದೆಯಾಗಲಿ ಸುಧಾರಿಸದಿದ್ದರೆ ಮೂಳೆ ವೈದ್ಯರಿಗೆ ಕಳಿಸಿ. ಅರಿವಳಿಕೆ ಕೊಟ್ಟು ಕೈ ಬಿಡಿಸುವುದು, ದುರ್ಬೀನಿನಲ್ಲಿ ಚೀಲ ಬಿಡಿಸುವುದು ಅವರ ಕೈಯಲ್ಲಿರುವ ದಾರಿಗಳು. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಇವೆರಡನ್ನೂ ಇಂಜೆಕ್ಷನ್ ಸಹಿತ ಫಿಸಿಯೋಥೆರಪಿಯನ್ನೂ ಹೋಲಿಸಿತು. ಒಂದು ವರ್ಷದ ಕೊನೆಗೆ ರೋಗಿಗೆ ಗೊತ್ತಾಗುವಷ್ಟು ಮೇಲು ಯಾವುದೂ ಆಗಿರಲಿಲ್ಲ. ಹಾಗಾಗಿ ಆಪರೇಷನ್ನಿಗೆ ಅವಸರ ಬೇಡ, ಹೆದರಿಸುವುದೂ ಬೇಡ. ಮೂಳೆ ಸವಕಳಿ (ಆಸ್ಟಿಯೋಪೊರೋಸಿಸ್) ಇರುವವರಾದರೆ ಅದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ, ಅರಿವಳಿಕೆಯಲ್ಲಿ ಕೈ ಬಿಡಿಸುವಾಗ ತೋಳುಮೂಳೆ ಮುರಿಯುವ ಅಪಾಯ ಅವರಿಗೆ ಹೆಚ್ಚು.